ಉಪವಾಸದ 40 ದಿನ, ಕೂಲಿಯ 90 ದಿನ

ವಿಭೂತಿ ಬುಧವಾರ ಹಣೆಗೆ ಹಚ್ಚುವ ಬೂದಿ ಹೋದ ವರ್ಷದ ಗರಿಗಳ ಭಾನುವಾರದ ಗರಿ ಸುಟ್ಟದ್ದು. ಅಲ್ಲಿಂದ ಪಾಸ್ಖ (ಈಸ್ಟರ್) ಹಬ್ಬದವರೆಗೆ ಭಾನುವಾರಗಳನ್ನು ಬಿಟ್ಟು ಎಣಿಸಿದರೆ ನಮ್ಮ ಕ್ರೈಸ್ತರ 40 ದಿನದ ತಪಸ್ಸುಕಾಲ. ಮಾಂಸ ಬಿಡುತ್ತೇವೆ, ಒಂದು ಹೊತ್ತಿನ ಊಟ ಬಿಟ್ಟು ಆ ದುಡ್ಡನ್ನು ಕಾಣಿಕೆ ಡಬ್ಬಿಗೆ ಹಾಕುತ್ತೇವೆ. ಆದರೆ ಬೈಬಲ್ಲಿನಲ್ಲಿ ಪ್ರವಾದಿ ಯೆಶಾಯನ 58ನೇ ಅಧ್ಯಾಯ ತೆರೆದು ನೋಡಿ. ಉಪವಾಸದ ದಿನವೇ ಆಳುಗಳನ್ನು ಹಿಂಡಿ ದುಡಿಸುತ್ತೀರಲ್ಲ ಎಂದು ದೇವರು ಬೇಸರಪಡುತ್ತಾನೆ. ಅನ್ಯಾಯದ ಕಟ್ಟು ಬಿಚ್ಚುವುದು ಅಲ್ಲಿ ಮೊದಲ ಮಾತು. ಹಸಿದವರಿಗೆ ಅನ್ನ ಹಂಚುವುದು ಆಮೇಲೆ.

ಬೆಂಗಳೂರಿನ ಧರ್ಮಕೇಂದ್ರಗಳ, ಅಂದರೆ ನಮ್ಮ ಚರ್ಚುಗಳ, ಸುತ್ತ ಈ ಮಾತಿಗೆ ಕೆಲಸ ಹುಡುಕಬೇಕಾಗಿಲ್ಲ. ರಾಯಚೂರು, ಯಾದಗಿರಿ, ಕಲಬುರಗಿಯಿಂದ ಬಂದ ಕಟ್ಟಡ ಕಾರ್ಮಿಕರ ತಗಡಿನ ಶೆಡ್ಡುಗಳು ಹತ್ತಿರದಲ್ಲೇ ಇರುತ್ತವೆ. 1996ರ ಕಾಯಿದೆಯಿಂದ ಬಂದ ಏರ್ಪಾಟಿನಲ್ಲಿ ಕಟ್ಟಡದ ವೆಚ್ಚದ ಶೇ 1ರಷ್ಟು ಸೆಸ್ (ಉಪಕರ) ಇವರ ಕಲ್ಯಾಣ ನಿಧಿಗೆ ಹೋಗುತ್ತದೆ. ಹೆರಿಗೆ, ಚಿಕಿತ್ಸೆ, ಅಪಘಾತ, ಪಿಂಚಣಿಗೆ ಅದರಲ್ಲಿ ನೆರವುಂಟು. ಅದು ಅವರದೇ ಹಣ, ನಾವು ಕೊಡುವ ದಾನವಲ್ಲ. ಹೆಸರು ನೋಂದಾಯಿಸಿ ಪಡೆಯುವ ಲೇಬರ್ ಕಾರ್ಡ್ ಇಲ್ಲದಿದ್ದರೆ ಮಾತ್ರ ಒಂದು ಪೈಸೆಯೂ ಕೈಗೆ ಬಾರದು. ಆ ಕಾರ್ಡ್ ಮಾಡಿಸಲು ಅವರಿಗೆ ಜೊತೆಯಾಗುವುದೇ ಈ ತಪಸ್ಸುಕಾಲದಲ್ಲಿ ನಮ್ಮ ಕೆಲಸವಾಗಲಿ.

ಕಾರ್ಡಿಗೆ ವಯಸ್ಸು 18ರಿಂದ 60ರೊಳಗಿರಬೇಕು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಎಲ್ಲ ಸಿಕ್ಕಿಬೀಳುವುದು ಈ 90 ದಿನದ ದೃಢೀಕರಣ ಪತ್ರದಲ್ಲಿ. ನಾಳೆ ತನ್ನ ಮೇಲೇ ಬಂದೀತೆಂದು ಮೇಸ್ತ್ರಿ ಸಹಿ ಹಾಕಲು ಹಿಂಜರಿಯುತ್ತಾನೆ. ಅವನೊಡನೆ ಜಗಳ ಬೇಡ. ನೋಂದಾಯಿತ ಕಾರ್ಮಿಕ ಸಂಘ ಅಥವಾ ಕಾರ್ಮಿಕ ನಿರೀಕ್ಷಕರ ಮೂಲಕವೂ ದೃಢೀಕರಣ ಪಡೆಯಬಹುದು. ಅದಕ್ಕೆ ಆಧಾರವಾಗಿ ಪ್ರತಿಯೊಬ್ಬರಿಗೂ ಹತ್ತು ರೂಪಾಯಿಯ ಒಂದು ನೋಟ್‌ಬುಕ್ ಕೊಡಿ. ತಾರೀಕು, ಕೆಲಸದ ಜಾಗ, ಕೂಲಿ, ಮುಂಗಡ ಎಂದು ನಾಲ್ಕು ಗೆರೆ ಎಳೆದರೆ ಸಾಕು. ಕೂಲಿ ಬಾಕಿ ಉಳಿದಾಗಲೂ ಈ ಪುಸ್ತಕವೇ ಮಾತಾಡುತ್ತದೆ.

ಅವರ ಕೈ ಹಿಡಿದು ನೋಡಿ. ಸಿಮೆಂಟಿನ ಕ್ಷಾರ ಬೆರಳ ತುದಿಯ ಗೆರೆಗಳನ್ನು ತಿಂದುಹಾಕಿ ಚರ್ಮ ನುಣ್ಣಗಾಗಿರುತ್ತದೆ, ಅಲ್ಲಲ್ಲಿ ಬಿರುಕು. ರೇಷನ್ ಅಂಗಡಿಯ ಯಂತ್ರ ಆ ಹೆಬ್ಬೆಟ್ಟನ್ನು ಒಪ್ಪುವುದಿಲ್ಲ. ಕೈ ತೊಳೆದು, ಒರೆಸಿ, ಬೇರೆ ಬೆರಳು ಇಟ್ಟು ನೋಡಬೇಕು. ಒಟಿಪಿಯಿಂದ ಆಗುತ್ತದೆಂದರೆ, ಆಧಾರಿಗೆ ಜೋಡಿಸಿದ ಸಿಮ್ ಕಳೆದುಹೋಗಿ ಎಷ್ಟೋ ಕಾಲವಾಗಿರುತ್ತದೆ. ಆದ್ದರಿಂದ ಆಧಾರ್ ಕೇಂದ್ರದಲ್ಲಿ ಮೊಬೈಲ್ ನಂಬರ್ ಸರಿಪಡಿಸುವುದು ಮೊದಲ ಕೆಲಸ. ಪಾಸ್‌ಬುಕ್ಕಿನಲ್ಲಿ ‘ಹನುಮಂತ’, ಆಧಾರಿನಲ್ಲಿ ‘ಹಣಮಂತಪ್ಪ’ ಎಂದಿದ್ದರೆ ಅದನ್ನೂ ಅರ್ಜಿಗೆ ಮುಂಚೆಯೇ ನೋಡಿಕೊಳ್ಳಿ.

ಇದನ್ನೆಲ್ಲ ಕಲಿಯದೆ ಶೆಡ್ಡಿಗೆ ಹೋದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಶುಕ್ರವಾರ ಯೇಸು ಶಿಲುಬೆ ಹೊತ್ತ ದಾರಿಯನ್ನು ಸ್ಥಳ ಸ್ಥಳವಾಗಿ ನೆನೆಯುವ ಶಿಲುಬೆ ಹಾದಿ ಪ್ರಾರ್ಥನೆ ಮುಗಿದ ಮೇಲೆ ಒಂದು ಗಂಟೆ ಕೂತು ಒಂದು ಅರ್ಜಿಯನ್ನು ಮೊದಲಿಂದ ಕೊನೆವರೆಗೆ ತುಂಬಿ ಅಭ್ಯಾಸ ಮಾಡಬೇಕು. ಶೆಡ್ಡಿಗೆ ಹೋಗಲು ಭಾನುವಾರದ ಬೆಳಗಿನ ಬಲಿಪೂಜೆಯ ನಂತರದ ಹೊತ್ತು ಒಳ್ಳೆಯದು. ಮಧ್ಯಾಹ್ನ ಅವರು ಸಂತೆಗೆ ಹೋಗಿರುತ್ತಾರೆ. ಇಬ್ಬಿಬ್ಬರಾಗಿ ಹೋಗಿ, ಒಬ್ಬರು ಹೆಂಗಸಾಗಿರಲಿ. ಮೂಲ ದಾಖಲೆ ಕೈಯಲ್ಲಿಟ್ಟುಕೊಳ್ಳಬೇಡಿ, ಖಾಲಿ ಹಾಳೆಗೆ ಹೆಬ್ಬೆಟ್ಟು ಒತ್ತಿಸಬೇಡಿ, ಫೋಟೊ ತೆಗೆಯಬೇಡಿ. ಜಾತಿ ಧರ್ಮ ಕೇಳುವ ಪ್ರಶ್ನೆಯೇ ಇಲ್ಲ. ಅರ್ಜಿಯ ಜೊತೆ ಪ್ರಾರ್ಥನಾ ಚೀಟಿ ಹಂಚುವುದೂ ತಪ್ಪು. ಕಟ್ಟಡ ಕೆಲಸ ಮಾಡದ ಪರಿಚಯದವರು ಕಾರ್ಡ್ ಮಾಡಿಸಿಕೊಡಿ ಎಂದು ಬಂದರೆ ಖಡಾಖಂಡಿತ ಬೇಡವೆನ್ನಿ. ಅದು ಗಾರೆಯವನ ಪಾಲನ್ನು ಕದ್ದಂತೆ.

ಇನ್ನೊಂದು ಮಾತು, ಇದು ಕಷ್ಟದ್ದು. ನಮ್ಮದೇ ಚರ್ಚಿನ ಆವರಣದಲ್ಲಿ ಸಭಾಂಗಣವೋ ಗಂಟೆಗೋಪುರವೋ ಏಳುತ್ತಿದ್ದರೆ ಮೊದಲು ಅಲ್ಲಿ ಕೇಳಬೇಕು. ಸೆಸ್ ಕಟ್ಟಿದೆಯೇ? ಒಂದೇ ಕೆಲಸಕ್ಕೆ ಹೆಣ್ಣಾಳಿಗೂ ಗಂಡಾಳಿನಷ್ಟೇ ಕೂಲಿಯೇ? ಸೂರ್ಯ ಮುಳುಗುವ ಮುನ್ನ ಕೂಲಿ ಕೊಡಬೇಕೆಂದು ಬೈಬಲ್ಲಿನ ಧರ್ಮೋಪದೇಶಕಾಂಡದ 24ನೇ ಅಧ್ಯಾಯ ಹೇಳುತ್ತದೆ. ಕಂಟ್ರ್ಯಾಕ್ಟರ್ ನೋಡಿಕೊಳ್ಳುತ್ತಾರೆ ಎಂಬ ಉತ್ತರ ಅದಕ್ಕೆ ಸಾಲದು.

ಶಿಲುಬೆ ಹಾದಿಯ ಐದನೇ ಸ್ಥಳದಲ್ಲಿ ಮಂಡಿಯೂರುವಾಗ ಸಿರೇನೆಯ ಸಿಮೋನನನ್ನು ನೆನೆಯುತ್ತೇವೆ. ಹೊಲದಿಂದ ಬರುತ್ತಿದ್ದ ದಾರಿಹೋಕ, ಶಿಲುಬೆಗೆ ಹೆಗಲು ಕೊಟ್ಟು ಯೇಸುವಿನ ಜೊತೆ ನಡೆದವನು. ಕಚೇರಿಯ ಸಾಲಿನಲ್ಲಿ ಒಬ್ಬ ಕಾರ್ಮಿಕಳ ಪಕ್ಕ ನಿಲ್ಲುವುದೂ ಅಂಥದೇ ನಡಿಗೆ. ಪಾಸ್ಖ ಕಳೆದ ಮೇಲೂ ಅದು ನಿಲ್ಲಬಾರದು. ಕಟ್ಟಡ ಮುಗಿದರೆ ಶೆಡ್ಡು ರಾತ್ರೋರಾತ್ರಿ ಎದ್ದುಹೋಗುತ್ತದೆ, ಕಾರ್ಡಿನ ನವೀಕರಣದ ದಿನ ಮಾತ್ರ ಬಂದೇ ಬರುತ್ತದೆ. ಹೊರಡುವ ಮುನ್ನ ಆ ತಾರೀಕನ್ನು ಅವರ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದುಕೊಟ್ಟು, ಹೋಗುವ ಊರಿನ ಧರ್ಮಕೇಂದ್ರದ ಗುಂಪಿಗೆ ಒಂದು ಫೋನ್ ಮಾಡಿ.