ಆಯಿ ಬಿಟ್ಟುಬಿಡುವ ನುಡಿ

ಹೋದ ವರ್ಷ ಗೆಳತಿಯ ಕುಬಸಕ್ಕೆ ಬಾಗಲಕೋಟೆಯ ನವನಗರಕ್ಕೆ ಹೋಗಿದ್ದೆ. ನಮ್ಮ ಮೈಸೂರು ಕಡೆ ಸೀಮಂತ ಅಂತೀವಲ್ಲ, ಅದೇ. ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬಿದ್ದು ಎಲ್ಲ ಮುಗಿದ ಮೇಲೆ ಯಾರೋ, "ಆಯಿ, ಹೊಳಿ ಹಾಡು ಹೇಳಬೇ" ಅಂದರು.

ಬಸುರಿಯ ಮುಂದೆ ಹೊಳೆ ಹಾಡು ಯಾಕೋ!

ಆಯಿ ಅಂದ್ರೆ ಗೆಳತಿಯ ಅಜ್ಜಿ. ಎಂಬತ್ತರ ಹತ್ತಿರ. ಎಲೆ ಅಡಿಕೆಯನ್ನು ದವಡೆಗೆ ಸರಿಸಿಕೊಂಡು ಶುರು ಮಾಡಿದರು. ಹಾಡಿನಲ್ಲಿ ಕೃಷ್ಣೆ ಮನೆಮಗಳು. ಮಹಾಬಳೇಶ್ವರದಿಂದ ಹೊರಟು, ಕೆಂಪು ಸೀರೆ ಉಟ್ಟು ತವರಿಗೆ ಬರುತ್ತಾಳೆ. ನಾನು ಮೊಬೈಲಲ್ಲಿ ರೆಕಾರ್ಡ್ ಮಾಡಿಕೊಂಡೆ. ಹಾಡಿಗಿಂತ ಕುಕ್ಕರ್ ಸೀಟಿಯೇ ಜಾಸ್ತಿ ಕೇಳಿಸುತ್ತದೆ, ಇರಲಿ.

"ಕಡೀ ನುಡಿ ಬಿಟ್ಟೀಯಲ್ಲಬೇ" ಅಂದರು ಗೆಳತಿಯ ಅಮ್ಮ. ಆಯಿ ಕೇಳಿಸದವರ ಹಾಗೆ ಎದ್ದು ಹೋದರು.

ಊಟವಾದ ಮೇಲೆ ಪಕ್ಕದಲ್ಲಿ ಹೋಗಿ ಕೂತೆ. "ಹೊಸ ನೀರು ಬಂದಾಗ ಹೊಳಿಗೂ ಉಡಿ ತುಂಬತಿದ್ವಿ ತಂಗಿ. ಖಣ, ಕೊಬ್ಬರಿ, ಉತ್ತತ್ತಿ, ಅರಿಷಿಣ ಬೇರು. ಕುಬಸ ಅಂದ್ರ ಮತ್ತೇನು?" ಅಂದರು. ಕೆಂಪು ಸೀರೆ ಅಂದರೆ ಆ ಹೊಸ ನೀರಿನ ಬಣ್ಣ. ನಡುವೆ ಹೊಳೆ ಬಾಣಂತಿಯನ್ನು ಕಾಯುವ ನುಡಿಯೊಂದಿದೆ. ಅದನ್ನು ಸೇರಿಸಿದ್ದು ಇವರ ಅತ್ತೆಯಂತೆ. ಆಯಿಗೆ ಮೊದಲ ಹೆರಿಗೆ ನೋವು ಬಂದಾಗ ಹೊಳೆ ತುಂಬಿ ಹರಗೋಲು ನಿಂತಿತ್ತು. ಸೂಲಗಿತ್ತಿ ಆಚೆ ದಂಡೆಯಲ್ಲಿ. ಅತ್ತೆಯೇ ಹೆರಿಗೆ ಮಾಡಿಸಿದರು.

ಬಿಟ್ಟ ನುಡಿ ಯಾವುದು ಅಂತ ಕೇಳಿದೆ. ಹಾಡಲಿಲ್ಲ, ಸುಮ್ನೆ ಹೇಳಿದರು. ಮಗಳು ಊರ ಅಗಸಿ ಮುಟ್ಟಿ, ಹನುಮಪ್ಪನ ಕಟ್ಟೆ ಮುಟ್ಟಿ, ಬಟ್ಟೆ ಒಗೆಯುವ ಬಂಡೆ ಮುಟ್ಟಿ, ಗಂಡನ ಮನೆಗೆ ಹೊರಡುತ್ತಾಳೆ.

ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದಾಗ ಆಯಿ ಹೊಸ ಸೊಸೆ. ನೀರು ನಿಲ್ಲೋದು ಹೌದೋ ಅಲ್ಲವೋ ಅಂತ ಊರವರು ವರ್ಷಗಟ್ಟಲೆ ಮಾತಾಡಿಕೊಂಡೇ ಇದ್ದರಂತೆ. ಮುಳುಗಡೆಯಾಗಿ ಊರು ಬಿಡುವಾಗ ಆಯಿಗೆ ಮೊಮ್ಮಕ್ಕಳು.

"ಹಾಡಿನ್ಯಾಗ ಆಕಿ ಮುಟ್ಟಿ ಹೊಳ್ಳಿ ಹೋಗತಾಳ. ಈಗ ಬಂದಾಕಿ ಹೋಗೇ ಇಲ್ಲಲ್ಲ ತಂಗಿ. ಸುಳ್ಳ ಹೆಂಗ ಹಾಡ್ಲಿ?"

ನಾನು ಅವರ ಅಡಿಕೆ ಚೀಲದ ದಾರ ನೋಡುತ್ತಾ ಕೂತೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹನುಮಪ್ಪನ ಕಟ್ಟೆ ಕಾಣುತ್ತದಂತೆ. ಆಗ ಮೊಮ್ಮಗನ ಬೈಕಿನಲ್ಲಿ ಹೋಗಿ, ಆ ಕೆಸರಲ್ಲೇ ನಿಂತು, ಅದೊಂದು ನುಡಿ ಹಾಡಿ ಬರುತ್ತಾರಂತೆ.