ಅಜ್ಜಿ ಹೇಳಿದ್ದು ಬಾವಿ, ನಾನು ಬರೆದದ್ದು ‘ಅಂತರ್ಜಲ’

ಮೆಟ್ರೊ ಬರುವ ಬಡಾವಣೆಗಳಲ್ಲಿ ಜನರ ಅಹವಾಲು ಬರೆದುಕೊಳ್ಳುವುದು ನನ್ನ ಕೆಲಸ. ಸುರಂಗ ಕೊರೆಯುವ ಎಂಜಿನಿಯರ್ ನಾನಲ್ಲ. ಅವರು ಬರುವುದಕ್ಕೆ ವರ್ಷಗಟ್ಟಲೆ ಮುಂಚೆ ಕಲ್ಯಾಣ ಮಂಟಪದಲ್ಲೋ ಶಾಲೆಯ ಅಂಗಳದಲ್ಲೋ ಒಂದು ಸಭೆ ನಡೆಯುತ್ತದಲ್ಲ, ಅಲ್ಲಿ ಮೂಲೆಯ ಟೇಬಲ್ಲಿನಲ್ಲಿ ಫಾರಂ ಇಟ್ಟುಕೊಂಡು ಕೂತಿರುವವಳು ನಾನು. ಕಂಪನಿಯ ಹೆಸರು, ಮಾರ್ಗದ ಹೆಸರು ಬೇಡ. ಬೆಂಗಳೂರಿನ ಅಂಚಿನ ಒಂದು ಬಡಾವಣೆ ಅಂದುಕೊಳ್ಳಿ. ನಲವತ್ತು ವರ್ಷದ ಹಿಂದೆ ಅದು ಹಳ್ಳಿ. ಈಗಲೂ ಗಲ್ಲಿಯೊಳಗೆ ಹೋದರೆ ಹಸು ಕಟ್ಟಿದ ಮನೆ, ಅದರ ಪಕ್ಕದಲ್ಲೇ ನಾಲ್ಕು ಮಹಡಿ ಪಿಜಿ.

ಸಭೆಯ ಮೊದಲ ಒಂದು ಗಂಟೆ ಎಲ್ಲ ಕಡೆಯೂ ಒಂದೇ ಥರ. ಯಾರಿಗೆ ಸುರಂಗ, ಯಾರಿಗೆ ಕಂಬ ಅನ್ನುವ ಜಗಳ. ಪಿಂಕ್ ಮಾರ್ಗದ ಲೆಕ್ಕ ಜನರ ಬಾಯಲ್ಲೇ ಇರುತ್ತದೆ: ಕಾಳೇನ ಅಗ್ರಹಾರದಿಂದ ನಾಗವಾರದವರೆಗೆ 21 ಕಿ.ಮೀ. ಚಿಲ್ಲರೆ, ಅದರಲ್ಲಿ 13 ಕಿ.ಮೀ.ಗಿಂತ ಜಾಸ್ತಿ ನೆಲದೊಳಗೆ. ‘ಅವರಿಗೆ ಕೆಳಗೆ, ನಮಗೆ ಯಾಕೆ ಮೇಲೆ?’ ಕಂಬ ನಿಲ್ಲಿಸಲು ಅಗಲವಾದ ರಸ್ತೆ ಬೇಕು, ಸುರಂಗಕ್ಕೆ ಅದರ ಎರಡು ಮೂರು ಪಟ್ಟು ದುಡ್ಡು ಬೇಕು. ಉತ್ತರ ಇಷ್ಟೇ, ಆದರೆ ಮೈಕ್ ಸಿಕ್ಕವರು ಇಷ್ಟಕ್ಕೇ ಬಿಡುವುದಿಲ್ಲ.

ಈ ಬಡಾವಣೆಗೆ ಸುರಂಗ ಬಂದಿತ್ತು. ಹಾಗಾಗಿ ಸ್ಟೇಷನ್ ಬರುವ ಜಾಗದವರು ಮಾತ್ರ ಸಿಟ್ಟಾಗಿದ್ದರು. ಸ್ಟೇಷನ್ನಿಗೆ ಮೇಲಿಂದಲೇ ಅಗೆಯಬೇಕು, ಜಾಗ ಹೋಗುತ್ತದೆ, ಮೆಟ್ರೊಗೆ ಜಾಗ ವಶಪಡಿಸಿಕೊಡುವ ಸರ್ಕಾರಿ ಮಂಡಳಿ ಕೆಐಎಡಿಬಿಯ ನೋಟಿಸ್ ಬರುತ್ತದೆ. ಎರಡು ಸ್ಟೇಷನ್ನುಗಳ ನಡುವಿನವರು ಆರಾಮಾಗಿ ಟೀ ಕುಡಿಯುತ್ತಿದ್ದರು. ಕೆಳಗೆ ಹೋದರೆ ನಮಗೇನು ಅಂತ.

ಆ ಆರಾಮಿನವರ ಸಾಲಿನಿಂದ ಒಬ್ಬ ಅಜ್ಜಿ ಎದ್ದು ಬಂದರು. ‘ನಮ್ಮ ಬಾವೀನ ಏನ್ ಮಾಡ್ತೀರಮ್ಮ?’ ಅಂದರು. ನಾನು ಬೀದಿ ಕೇಳಿದೆ, ಹೇಳಿದರು. ಆಮೇಲೆ ಗಂಡ ಬಾವಿ ತೋಡಿಸಿದ್ದು, ಬೇಸಿಗೆಯಲ್ಲಿ ಇಡೀ ಬೀದಿ ಇವರ ಮನೆಗೆ ಬಿಂದಿಗೆ ತರುತ್ತಿದ್ದದ್ದು, ಮಗ ಹಾಲ್ ಕಟ್ಟಿಸಿದ್ದು, ಸೊಸೆಗೆ ಬಾವಿ ಅಂದರೆ ಭಯ ಇದ್ದದ್ದು, ಎಲ್ಲ ಶುರುವಾಯಿತು. ಹಿಂದೆ ಹನ್ನೆರಡು ಜನ ಕಾಯುತ್ತಿದ್ದರು. ಕೆಲಸಕ್ಕೆ ಸೇರಿದಾಗ ನಮ್ಮ ಸೀನಿಯರ್ ಹೇಳಿಕೊಟ್ಟಿದ್ದು ಒಂದೇ ಮಾತು: ‘ಜನ ಕಥೆ ಹೇಳ್ತಾರೆ, ನೀನು ವಿಷಯ ಬರ್ಕೋ.’ ನಾನು ‘ಅಂತರ್ಜಲದ ಬಗ್ಗೆ ಆತಂಕ’ ಅಂತ ಬರೆದು ಟಿಕ್ ಹಾಕಿದೆ. ‘ಬರ್ಕೊಂಡ್ಯಾ ತಾಯಿ?’ ಅಂದರು ಅಜ್ಜಿ. ‘ಬರ್ಕೊಂಡೆ ಅಜ್ಜಿ’ ಅಂದೆ. ಸುಳ್ಳೂ ಅಲ್ಲ, ನಿಜವೂ ಅಲ್ಲ.

ಆಫೀಸಿನಲ್ಲಿ ಎಲ್ಲವೂ ಎಕ್ಸೆಲ್ ಸೇರಿತು. ಶಬ್ದ, ಧೂಳು, ಕಂಪನ, ಅಂತರ್ಜಲ, ಪರಿಹಾರ, ಮರಗಳು. ಬಣ್ಣಬಣ್ಣದ ಚಾರ್ಟ್ ಬಂತು, ವರದಿ ಹೋಯಿತು. ಚೆನ್ನಾಗಿದೆ ಅಂತ ಬೆನ್ನೂ ತಟ್ಟಿದರು.

ಎಷ್ಟೋ ತಿಂಗಳಾದ ಮೇಲೆ ಕಟ್ಟಡಗಳ ಸರ್ವೆ ಶುರುವಾಯಿತು. ಸುರಂಗ ಕೊರೆಯುವ ಯಂತ್ರ ಬರುವುದಕ್ಕೆ ಮುಂಚೆ ಅದು ಹೋಗುವ ದಾರಿಯ ಮೇಲಿರುವ ಪ್ರತಿ ಮನೆಯನ್ನೂ ನೋಡಬೇಕು. ಈಗಾಗಲೇ ಇರುವ ಬಿರುಕುಗಳ ಫೋಟೊ ತೆಗೆದು, ಅಳತೆ ಬರೆದಿಡಬೇಕು. ಇಲ್ಲದಿದ್ದರೆ ನಾಳೆ ಯಾವ ಬಿರುಕು ಹಳೇದು, ಯಾವುದು ಹೊಸದು ಅಂತ ತಿಳಿಯುವುದು ಹೇಗೆ? ಜನರ ಮುಖ ಪರಿಚಯ ಇದೆ ಅಂತ ನನ್ನನ್ನೂ ಜೊತೆಗೆ ಕಳಿಸಿದರು.

ಅಜ್ಜಿಯ ಮನೆಯ ಹಾಲಿನಲ್ಲಿ ಹಳೇ ರೆಡ್ ಆಕ್ಸೈಡ್ ನೆಲ. ಹೊಳಪು ಇನ್ನೂ ಹೋಗಿರಲಿಲ್ಲ. ಕಿಟಕಿಯ ಕಡೆ ಮಾತ್ರ, ಟಿವಿ ಸ್ಟ್ಯಾಂಡಿನ ಕೆಳಗೆ, ನೆಲ ಒಂದು ಬೆರಳಿನಷ್ಟು ತಗ್ಗಿತ್ತು. ಅದರ ಸುತ್ತ ಕಮಾನಿನ ಹಾಗೆ ಬಾಗಿದ ಒಂದು ಬಿರುಕು. ಎಂಜಿನಿಯರ್ ಫೋಟೊ ತೆಗೆಯಲು ಬಗ್ಗಿದರು. ಅಜ್ಜಿ ಕೋಲಿನಿಂದ ಅಲ್ಲೇ ಕುಟ್ಟಿದರು. ‘ಇದೇ ಬಾವಿ. ಆವತ್ತೇ ಬರೆಸಿದ್ದೆನಲ್ಲ ಈ ಮಗು ಹತ್ರ.’

ಎಂಜಿನಿಯರ್ ನನ್ನ ಕಡೆ ತಿರುಗಿ ನೋಡಿದರು. ಬೈದಿದ್ದರೆ ವಾಸಿ ಇತ್ತು.

ಕಾವೇರಿ ನೀರಿನ ನಲ್ಲಿ ಬಂದ ಮೇಲೆ ಬಾವಿಗೆ ಹಳೇ ಹೆಂಚು, ಇಟ್ಟಿಗೆ ಚೂರು, ಮಣ್ಣು ಸುರಿದು, ಮೇಲೆ ಚಪ್ಪಡಿ ಎಳೆದು ಹಾಲ್ ಕಟ್ಟಿದ್ದಾರೆ. ಎಷ್ಟು ಆಳ ಅಂತ ಕೇಳಿದರೆ ‘ಐವತ್ತು ಅಡಿ ಹಗ್ಗ ಬೇಕಾಗ್ತಿತ್ತು’ ಅಂದರು. ಅಂದರೆ 15 ಮೀಟರ್. ನಮ್ಮೂರಿನ ಸುರಂಗ ಸುಮಾರಾಗಿ 15ರಿಂದ 20 ಮೀಟರ್ ಆಳದಲ್ಲೇ ಹೋಗುವುದು. ಬಾವಿಯ ತಳ ಸುರಂಗದ ನೆತ್ತಿಗೆ ತಾಗುವಷ್ಟು ಹತ್ತಿರ!

ಯಂತ್ರ ಎದುರಿನ ಮಣ್ಣನ್ನು ಒತ್ತಿ ಹಿಡಿದುಕೊಂಡೇ ಕೊರೆಯುತ್ತದೆ. ಆ ಒತ್ತಡ ಇರುವುದರಿಂದಲೇ ಮೇಲಿನ ನೆಲ ಕುಸಿಯದೆ ನಿಲ್ಲುವುದು. ಅರ್ಧಂಬರ್ಧ ತುಂಬಿದ ಬಾವಿ ಅಡ್ಡ ಸಿಕ್ಕರೆ ಒತ್ತಡ ಆ ದಾರಿಯಲ್ಲಿ ಮೇಲೆ ಸೋರಿಹೋಗುತ್ತದೆ, ಸಡಿಲ ಮಣ್ಣು ಕೆಳಗೆ ಜಾರುತ್ತದೆ. ಆಮೇಲೆ ಹಾಲಿನ ಗತಿ ಏನು? ನಮ್ಮೂರಿನ ನೆಲ ಮೊದಲೇ ತರಲೆ. ಒಂದು ಕಡೆ ಗಟ್ಟಿ ಗ್ರಾನೈಟ್, ಪಕ್ಕದಲ್ಲೇ ಮೆತ್ತನೆ ಮಣ್ಣು, ನಡುವೆ ಗುಂಡುಕಲ್ಲು. ಬೋರ್ ಹಾಕಿ ಕಲ್ಲು ಮಣ್ಣು ಪರೀಕ್ಷೆ ಮಾಡುತ್ತಾರೆ ನಿಜ. ಆದರೆ ಎರಡು ಬೋರಿನ ನಡುವೆ ಯಾರ ಮನೆಯ ಹಾಲಿನಡಿ ಏನಿದೆ ಅಂತ ಅದು ಹೇಳಲ್ಲ.

ಯಂತ್ರ ಇನ್ನೂ ದೂರ ಇದ್ದದ್ದು ಪುಣ್ಯ. ಬಾವಿಯೊಳಗೆ ಸಿಮೆಂಟ್ ಗಾರೆ ಇಳಿಸಿ ಗಟ್ಟಿ ಮಾಡಲು ಸಮಯ ಸಿಕ್ಕಿತು. ಅದಕ್ಕೂ ಮುಂಚೆ ಅಜ್ಜಿ ಚಪ್ಪಡಿಯ ಮೇಲೆ ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದು, ಆಮೇಲೇ ಕೆಲಸದವರನ್ನು ಒಳಗೆ ಬಿಟ್ಟದ್ದು.

ಆವತ್ತಿನಿಂದ ನನ್ನ ಫಾರಂ ಬದಲಾಗಿದೆ. ವಿಷಯದ ಕಾಲಂ ಇದೆ, ಅದರ ಮೊದಲು ‘ಅವರ ಮಾತಲ್ಲೇ’ ಅಂತ ಇನ್ನೊಂದು ಕಾಲಂ. ಬಾವೀನ ಅಂದರೆ ‘ಬಾವೀನ’ ಅಂತಲೇ ಬರೆಯುತ್ತೇನೆ. ಸಭೆಗೆ ಒಯ್ಯುವ ಮ್ಯಾಪಿನಲ್ಲಿ ಎಂಜಿನಿಯರುಗಳ ಚೈನೇಜ್ ನಂಬರ್ (ಮಾರ್ಗದ ಶುರುವಿನಿಂದ ಎಷ್ಟು ದೂರ ಅನ್ನುವ ಲೆಕ್ಕ) ಮಾತ್ರ ಇರುತ್ತಿತ್ತು, ಜನರಿಗೆ ಅದು ತಲೆಬುಡ ಅರ್ಥವಾಗದು. ಈಗ ಹಿಂದಿನ ದಿನವೇ ಹೋಗಿ ಗಣಪತಿ ಗುಡಿ, ಹಿಟ್ಟಿನ ಗಿರಣಿ, ಅರಳಿಕಟ್ಟೆ ಎಲ್ಲ ಸ್ಕೆಚ್ ಪೆನ್ನಿನಲ್ಲಿ ಗುರುತು ಹಾಕುತ್ತೇನೆ. ಬಂದವರ ಕೈಗೆ ಹಣೆಗಿಡುವ ಸ್ಟಿಕ್ಕರ್ ಪ್ಯಾಕೆಟ್ ಕೊಡುತ್ತೇನೆ. ಕೆಂಪು ಬಾವಿಗೆ, ಹಸಿರು ಬೋರ್‌ವೆಲ್ಲಿಗೆ. ಆಫೀಸಿನ ಬಿಲ್ಲಿನಲ್ಲಿ ಅದನ್ನು ‘ಸ್ಟೇಷನರಿ’ ಅಂತ ತೋರಿಸಿದ್ದೇನೆ.

ವಯಸ್ಸಾದವರನ್ನು ‘ನಿಮ್ಮ ತೊಂದರೆ ಏನು’ ಅಂತ ಕೇಳುವುದು ಬಿಟ್ಟಿದ್ದೇನೆ. ‘ಇಲ್ಲಿ ಮೊದಲು ಏನಿತ್ತು?’ ಅಂತ ಕೇಳುತ್ತೇನೆ. ಮೆಜೆಸ್ಟಿಕ್ ಬಸ್ ಸ್ಟ್ಯಾಂಡೇ ಧರ್ಮಾಂಬುಧಿ ಕೆರೆ, ಕಂಠೀರವ ಸ್ಟೇಡಿಯಂ ಸಂಪಂಗಿ ಕೆರೆ ಆಗಿದ್ದ ಊರು ಇದು, ಕೇಳದೆ ಆಗುತ್ತಾ? ಸಾಲು ಉದ್ದವಾಗುತ್ತದೆ, ಹಿಂದಿನವರು ಗೊಣಗುತ್ತಾರೆ, ಮಧ್ಯಾಹ್ನದ ಊಟ ನಾಲ್ಕು ಗಂಟೆಗೆ.

ಹೋದ ಸಭೆಯಲ್ಲಿ ಒಬ್ಬ ಯಜಮಾನರು ಕೆಂಪು ಸ್ಟಿಕ್ಕರನ್ನು ಮ್ಯಾಪಿನ ಆಚೆ, ಟೇಬಲ್ಲಿನ ಮೇಲೆ ಅಂಟಿಸಿದರು. ಅವರ ಬಾವಿಯ ಜಾಗ ಬರುವ ಮೊದಲೇ ನಮ್ಮ ಹಾಳೆ ಮುಗಿದಿತ್ತು. ಇನ್ನೊಂದು ಹಾಳೆ ತಂದು ಅಂಟಿಸಿದೆವು.