ತಲೆಗೆ ಪೆಟ್ಟಾದ ಮಗುವಿನ ಚೇತರಿಕೆಯಲ್ಲಿ ಮನೆಯವರ ಕೆಲಸ

ಆಸ್ಪತ್ರೆಯಿಂದ ಮನೆಗೆ ಬಂದ ಮಗುವಿಗೆ ಥೆರಪಿ ಸಿಗುವುದು ದಿನದಲ್ಲಿ ಸ್ವಲ್ಪ ಹೊತ್ತು. ಉಳಿದ ಹೊತ್ತೆಲ್ಲ ಅದು ಮನೆಯವರ ಜೊತೆಗೇ ಇರುತ್ತದೆ. ಬ್ರೆಜಿಲ್‌ನಲ್ಲಿ ಲೂಸಿಯಾ ಬ್ರಾಗಾ ಮತ್ತು ಸಂಗಡಿಗರು 5ರಿಂದ 12 ವರ್ಷದ ಮಕ್ಕಳನ್ನು ಒಂದು ವರ್ಷ ಗಮನಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಜ್ಞರು ನೇರವಾಗಿ ಥೆರಪಿ ಕೊಟ್ಟ ಮಕ್ಕಳಿಗಿಂತ, ತರಬೇತಿ ಪಡೆದ ಹೆತ್ತವರು ಮನೆಯಲ್ಲೇ ಅಭ್ಯಾಸ ಮಾಡಿಸಿದ ಮಕ್ಕಳು ಹೆಚ್ಚು ಸುಧಾರಿಸಿದ್ದರು. ಹಾಗಂತ ತಜ್ಞರು ಬೇಡವೆಂದಲ್ಲ, ಆ ಹೆತ್ತವರಿಗೆ ಕಲಿಸಿಕೊಟ್ಟವರು ಅವರೇ.

ವ್ಯಾಯಾಮಕ್ಕೆಂದು ಬೇರೆ ಹೊತ್ತು ಇಡುವುದಕ್ಕಿಂತ ದಿನದ ಕೆಲಸದಲ್ಲೇ ಅದನ್ನು ಸೇರಿಸುವುದು ವಾಸಿ. ಅಂಗಿ ತೊಡುವುದನ್ನೇ ನೋಡಿ. ಮೊದಮೊದಲು ಎಲ್ಲವನ್ನೂ ನೀವು ಮಾಡಿ, ಕೊನೆಯ ಗುಂಡಿಯೊಂದನ್ನು ಮಗುವಿಗೆ ಬಿಡಿ. ಅದು ಸಲೀಸಾದ ಮೇಲೆ ಕೊನೆಯ ಎರಡು ಗುಂಡಿ, ಆಮೇಲೆ ತೋಳು. ಹೀಗೆ ಹಿಂದಿನಿಂದ ಬಂದರೆ ಪ್ರತಿ ಸಲವೂ ಕೆಲಸ ಮುಗಿಸಿದ ಖುಷಿ ಮಗುವಿಗೇ ಸಿಗುತ್ತದೆ. ಒಂದು ಕೈಗೆ ಬಲ ಕಡಿಮೆಯಿದ್ದರೆ ತೊಡಿಸುವಾಗ ಆ ಕೈ ಮೊದಲು, ಬಿಚ್ಚುವಾಗ ಕೊನೆಗೆ. ಅಪ್ಪ ಒಂದು ರೀತಿ, ಅಜ್ಜಿ ಇನ್ನೊಂದು ರೀತಿ ಮಾಡಿಸಿದರೆ ಕಲಿತದ್ದು ನಿಲ್ಲುವುದಿಲ್ಲ. ಹಂತಗಳನ್ನು ಬರೆದು ಗೋಡೆಗೆ ಅಂಟಿಸಿ.

ಒಂದು ಸಲಕ್ಕೆ ಒಂದೇ ಮಾತು ಹೇಳಿ, ಸುಮಾರು ಹತ್ತು ಸೆಕೆಂಡ್ ಕಾಯಿರಿ. ಹೆಚ್ಚಿನವರು ಎಡವುವುದು ಇಲ್ಲೇ. ಉತ್ತರ ಬರದಿದ್ದರೆ ಅದನ್ನೇ ಬೇರೆ ಮಾತಿನಲ್ಲಿ ಕೇಳಿಬಿಡುತ್ತೇವೆ. ಮೊದಲನೆಯದನ್ನು ಇನ್ನೂ ಗ್ರಹಿಸುತ್ತಿರುವ ಮಗು ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ‘ಬೆಳಿಗ್ಗೆ ಏನು ತಿಂದೆ, ಹೇಳು ನೋಡೋಣ’ ಎಂಬ ಪರೀಕ್ಷೆಯೂ ಬೇಡ. ನೆನಪಿನ ಶಕ್ತಿ ಕುಂದಿದಾಗ ಮಗು ಊಹಿಸಿ ಹೇಳಿದ ತಪ್ಪೇ ಗಟ್ಟಿಯಾಗಿ ಕೂರುತ್ತದೆ. ಉತ್ತರವನ್ನು ಮೊದಲು ನೀವೇ ಹೇಳಿ, ಮಗುವಿನಿಂದ ಹೇಳಿಸಿ. ಅರ್ಧ ನಿಮಿಷ ಬಿಟ್ಟು ಕೇಳಿ, ಆಮೇಲೆ ಎರಡು ನಿಮಿಷ, ಐದು ನಿಮಿಷ.

ಸಂಜೆಯ ರಂಪ ಬಹಳ ಸಲ ಹಠವಲ್ಲ, ದಣಿವು. ಗದರಿದರೆ ಅದು ಇಳಿಯುವುದಿಲ್ಲ. ಯಾವ ಕೆಲಸಕ್ಕೆ ಎಷ್ಟು ನಿಮಿಷದಲ್ಲಿ ಸುಸ್ತಾಯಿತೆಂದು ಒಂದು ವಾರ ಬರೆದಿಡಿ. ಇಪ್ಪತ್ತು ನಿಮಿಷಕ್ಕೆ ಸುಸ್ತಾಗುವ ಮಗುವಿಗೆ ಹದಿನೈದಕ್ಕೇ ವಿರಾಮ ಕೊಡಿ. ಆಗ ಟಿವಿ, ಮೊಬೈಲ್ ಎರಡೂ ಬೇಡ.

ತಲೆನೋವು ಏರುತ್ತಲೇ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಎಬ್ಬಿಸಿದರೂ ಏಳದಷ್ಟು ಮಂಪರು ಬಂದರೆ, ಹೊಸದಾಗಿ ಫಿಟ್ಸ್ ಕಾಣಿಸಿಕೊಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಮಿದುಳಿನ ಮುಂಭಾಗ ಇಪ್ಪತ್ತು ದಾಟಿದ ಮೇಲೂ ಬೆಳೆಯುತ್ತಿರುತ್ತದೆ. ಹಾಗಾಗಿ ಐದು ವರ್ಷಕ್ಕೆ ಆದ ಪೆಟ್ಟಿನ ಪರಿಣಾಮ, ಯೋಜನೆ ಹಾಕಿ ಓದಬೇಕಾದ ಹನ್ನೆರಡರ ವಯಸ್ಸಿನಲ್ಲಿ ಮೊದಲ ಬಾರಿಗೆ ಕಾಣಬಹುದು. ಪ್ರತಿ ವರ್ಷ ಹೊಸ ಟೀಚರ್‌ಗೆ ಹಳೆಯ ಪೆಟ್ಟಿನ ವಿಷಯ ತಿಳಿಸಿ. ಮಗು ಮೇಲುನೋಟಕ್ಕೆ ಪೂರ್ತಿ ಗುಣವಾದಂತೆ ಕಂಡರೂ ತಿಳಿಸಿ.